ಸುಮ್ಮನೆ ಕೂರುವ ಕೆಲಸ

ಮಾರ್ಚ್ ೧೧

ಪ್ರೀತಿಯ ಚೂಟಿ,

ನೀನು ನನ್ನ ಫೋನ್ ಎತ್ತುತ್ತಿಲ್ಲ. ನಿನ್ನ ಅಣ್ಣ ಮಾಡಿದರೆ ಎತ್ತುತ್ತೀಯ. ಅವರ ಕೈಯಿಂದ ಕಿತ್ತುಕೊಂಡು ನಾನು ‘ಹಲೋ’ ಅಂದ ಕೂಡಲೇ ‘ಪೇಷೆಂಟ್ ಬಂದ್ರು’ ಎಂದು ಇಟ್ಟುಬಿಡುತ್ತೀಯ. ಭಾನುವಾರ ಸಂಜೆಯೂ ಇಷ್ಟೊಂದು ಜನ ಕೈಕಾಲು ಮುರಿದುಕೊಂಡು ಎಕ್ಸ್‌ರೇ ಕೋಣೆಗೆ ಬರುತ್ತಾರೆಂದು ನನಗೆ ಗೊತ್ತಿರಲಿಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕಾಗದವನ್ನು ನಡುವೆ ಕಟ್ ಮಾಡಲು ಬರುವುದಿಲ್ಲ.

ನಾನು ಕೇಳುವುದು ಒಂದೇ. ನಾನು ಮಾಡಿದ ತಪ್ಪಾದರೂ ಏನು? ಸೈಕಲ್ ರೇಸಿನ ಕೊನೆಯ ಸುತ್ತಿನಲ್ಲಿ ಸೇತುವೆ ದಾಟಿದ ಮೇಲೆ ನೀನು ಗುಂಪು ಬಿಟ್ಟು ಒಬ್ಬಳೇ ಚಿಮ್ಮಿದೆ. ಎಲ್ಲರೂ ಮುಖ ಮುಖ ನೋಡಿಕೊಂಡು ಕುಳಿತರು. ಎದುರುಗಾಳಿಯಲ್ಲಿ ನೀನೊಬ್ಬಳೇ ಹ್ಯಾಂಡಲ್ಲಿನ ಮೇಲೆ ಮುದುಡಿಕೊಂಡು ತುಳಿಯುತ್ತಿದ್ದೆ. ಅದನ್ನು ನೋಡಿಕೊಂಡು ನನಗೆ ಕೂರಲಾಗಲಿಲ್ಲ. ನಿನ್ನ ಮುಂದೆ ಹೋಗಿ ಗಾಳಿಗೆ ಮರೆಯಾದರೆ ನಿನಗೆ ಸ್ವಲ್ಪ ಉಸಿರು ಸಿಗುತ್ತದೆ ಎಂದು ಜೀವ ಬಿಟ್ಟು ತುಳಿದು ಬಂದೆ. ಅಷ್ಟು ಜೋರಾಗಿ ನಾನು ಹುಟ್ಟಿದ ಮೇಲೆ ತುಳಿದಿರಲಿಲ್ಲ. ನಿನ್ನ ಪಕ್ಕಕ್ಕೆ ಬಂದಾಗ ನೀನು ನನ್ನನ್ನು ಒಂದು ನೋಟ ನೋಡಿದೆ. ಕಳ್ಳಿಯನ್ನೂ ಹಾಗೆ ಯಾರೂ ನೋಡುವುದಿಲ್ಲ. ನನ್ನ ಹಿಂದೆ ಬೇರೆ ಕ್ಲಬ್ಬಿನ ಆ ಹಳದಿ ಸಾಕ್ಸಿನವಳೂ ಇಡೀ ಗುಂಪೂ ಬಾಲದಂತೆ ಬಂದಿತ್ತೆಂದು ನನಗೇನು ಗೊತ್ತು? ನನ್ನ ಬೆನ್ನಿಗೆ ಕಣ್ಣಿದೆಯಾ?

ಅವಳು ಗೆದ್ದಳು. ನೀನು ನಾಲ್ಕನೆಯವಳಾದೆ. ಮೊದಲ ಮೂವರಿಗಷ್ಟೇ ವರ್ಷದ ರೇಸುಗಳು ಮುಗಿದ ಮೇಲೆ ಮೇಲಿನ ದರ್ಜೆಗೆ ಪ್ರವೇಶ ಎಂಬ ನಿಯಮ ಮಾಡಿದ್ದು ನಾನಲ್ಲ.

ಮಾರನೆಯ ದಿನ ನೀನು ಸೂಟ್‌ಕೇಸು ಮುಚ್ಚಿ ಹೊಸ ಊರಿಗೆ ಹೊರಟುಹೋದೆ. ಆ ವರ್ಗಾವಣೆಯನ್ನು ನೀನೇ ಕೇಳಿ ತೆಗೆದುಕೊಂಡಿದ್ದು ಎಂದು ನಿನ್ನ ಅಣ್ಣ ಮೊನ್ನೆ ಬಾಯಿತಪ್ಪಿ ಹೇಳಿದರು. ಅದರ ಬಗ್ಗೆ ನಾನೇನೂ ಕೇಳುವುದಿಲ್ಲ.

ಸೈಕಲ್ಲಿನ ಸೀಟಿಗೆ ಮೆತ್ತನೆಯ ಕವರು ಹೊಲಿದು ಇದರ ಜೊತೆ ಕಳಿಸಿದ್ದೇನೆ. ಅಂಗಡಿಯಲ್ಲಿ ಪರದೆ ಹೊಲಿದು ಉಳಿದ ದಪ್ಪ ಬಟ್ಟೆ, ಬಣ್ಣ ಹೋಗುವುದಿಲ್ಲ.

ನಿನ್ನ ಅತ್ತಿಗೆ


ಮಾರ್ಚ್ ೨೬

ಅತ್ತಿಗೆಯವರಿಗೆ,

ಕವರು ಬಂತು. ರೇಸಿನ ಸೀಟಿಗೆ ಮೆತ್ತನೆಯ ಕವರು ಹಾಕುವುದಿಲ್ಲ, ಜಾರುತ್ತದೆ. ಕೇಳಿದ್ದರೆ ಹೇಳುತ್ತಿದ್ದೆ.

ತಪ್ಪೇನು ಎಂದು ಕೇಳಿದ್ದೀರಿ. ಫೋನಿನಲ್ಲಿ ಹೇಳಲು ಹೊರಟರೆ ನೀವು ನಡುವೆ ಬಾಯಿ ಹಾಕುತ್ತೀರಿ, ಆದ್ದರಿಂದ ಕಾಗದವೇ ವಾಸಿ. ಪೂರ್ತಿ ಓದಿ.

ಒಬ್ಬರ ಹಿಂದಿನ ಚಕ್ರಕ್ಕೆ ಅಂಟಿಕೊಂಡು ಹೋದರೆ ಗಾಳಿಯೆಲ್ಲ ಮುಂದಿನವರ ಎದೆಗೆ ಬಡಿಯುತ್ತದೆ, ಹಿಂದಿನವರಿಗೆ ಅರ್ಧಕ್ಕರ್ಧ ಶ್ರಮ ಉಳಿಯುತ್ತದೆ. ಇದನ್ನು ಕ್ಲಬ್ಬಿನಲ್ಲಿ ನಮಗೆ ತರಬೇತಿ ಕೊಡುವ ಮೇಷ್ಟ್ರು ಮೊದಲ ದಿನವೇ ಹೇಳಿದ್ದರು. ಆಗ ನೀವು ಎಲ್ಲರ ಬಾಟಲಿಗೂ ನೀರು ತುಂಬಿಸುತ್ತಿದ್ದಿರಿ. ನಮ್ಮ ಕ್ಲಬ್ಬಿನವಳು ಒಬ್ಬಳು ಮುಂದೆ ಹೋದಾಗ ಗುಂಪಿನಲ್ಲಿ ಉಳಿದ ನಮ್ಮವರ ಕೆಲಸ ಸುಮ್ಮನೆ ಕೂರುವುದು. ಬೇರೆ ಕ್ಲಬ್ಬಿನವರು ಅಟ್ಟಿಸಿಕೊಂಡು ಹೋಗಲಿ, ಅವರೇ ಗಾಳಿ ತಿನ್ನಲಿ. ಅವತ್ತು ಯಾರಿಗೂ ಅಟ್ಟಿಸಿಕೊಂಡು ಬರುವ ತಾಕತ್ತಿರಲಿಲ್ಲ. ಅದನ್ನು ನೋಡಿಯೇ ನಾನು ಹೊರಟಿದ್ದು. ಆ ಗುಂಪಿನಲ್ಲಿ ನನ್ನನ್ನು ಹಿಡಿಯುವ ಶಕ್ತಿ ಇದ್ದದ್ದು ಒಬ್ಬರಿಗೇ, ಅದು ನಿಮಗೆ. ನೀವು ಹಿಡಿದಿರಿ. ಹಿಡಿಯುವಾಗ ಎಲ್ಲರನ್ನೂ ನಿಮ್ಮ ಬೆನ್ನ ಮರೆಯಲ್ಲಿ ಕೂರಿಸಿಕೊಂಡು, ಸುಸ್ತಾಗದಂತೆ ತಂದು ನನ್ನ ಪಕ್ಕದಲ್ಲಿ ಇಳಿಸಿದಿರಿ.

ನೀವು ಸಹಾಯಕ್ಕೇ ಬಂದಿರಿ, ಗೊತ್ತು. ನನ್ನ ಕೆಲಸದ ಸಂದರ್ಶನದ ದಿನ ಆಸ್ಪತ್ರೆಯ ಕಾರಿಡಾರಿನಲ್ಲಿ ಟಿಫಿನ್ ಡಬ್ಬಿ ಹಿಡಿದು ಕುಳಿತಿದ್ದದ್ದೂ ಸಹಾಯಕ್ಕೇ. ಒಳಗಿದ್ದವರು ಮೊದಲು ಕೇಳಿದ ಪ್ರಶ್ನೆ, ‘ಹೊರಗೆ ಕೂತಿರೋರು ನಿಮ್ಮ ತಾಯಿನಾ?’

ರೋಗಿಗಳು ಬಂದಿದ್ದಾರೆ. ನಿಜವಾಗಿಯೂ ಬಂದಿದ್ದಾರೆ.

ನಿಮ್ಮ ನಾದಿನಿ


ಏಪ್ರಿಲ್ ೧೯

ಚೂಟಿ,

‘ಅತ್ತಿಗೆಯವರಿಗೆ’ ಅಂತೆ! ‘ನೀವು’ ಅಂತೆ! ನಾನು ಈ ಮನೆಗೆ ಬಂದಾಗ ನೀನು ಎರಡು ಜಡೆ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದೆ. ಮೊದಲ ದಿನದಿಂದ ‘ಏ ಅತ್ತಿಗೆ, ನನ್ನ ಸಾಕ್ಸ್ ಎಲ್ಲೇ’ ಎಂದವಳು ನೀನು. ಈಗ ಬಹುವಚನ ಕೊಟ್ಟು ಬಾಗಿಲ ಹೊರಗೆ ನಿಲ್ಲಿಸಿದ್ದೀಯ. ನಿನ್ನ ಕಾಗದ ಓದಿ ಮೂರು ಪರದೆಗಳನ್ನು ತಿರುವುಮುರುವಾಗಿ ಹೊಲಿದೆ. ಅಂಗಡಿ ಮಾಲೀಕರು ನನ್ನ ಮುಂದೆ ಹೊಲಿಗೆ ಬಿಚ್ಚುವ ಬ್ಲೇಡು ಇಟ್ಟು ಹೋದರು.

ನೀನು ಹೇಳಿದ್ದು ಸರಿಯೋ ತಪ್ಪೋ ಎಂದು ಮೇಷ್ಟ್ರನ್ನೇ ಕೇಳಿದೆ. ನಿನ್ನಷ್ಟಾದರೂ ನಯವಾಗಿ ಹೇಳುತ್ತಾರೆ ಎಂದುಕೊಂಡಿದ್ದೆ. ‘ಏನಮ್ಮಾ, ಎಲ್ಲರ ಪಾಲಿನ ಗಾಳೀನೂ ನೀನೇ ಕುಡಿಬೇಕಾ? ನಮ್ಮ ಕ್ಲಬ್ಬಲ್ಲಿ ನಿನಗೆ ಏನು ಹೆಸರಿದೆ ಗೊತ್ತಾ? ರೈಲು ಇಂಜಿನ್ನು’ ಅಂದರು. ನಿವೃತ್ತರಾದ ಮೇಲೂ ಡ್ರಾಯಿಂಗ್ ಕ್ಲಾಸಿನ ಗದರಿಕೆ ಹೋಗಿಲ್ಲ ಅವರಿಗೆ.

ಈಗ ನನಗೊಂದು ಶಿಕ್ಷೆ ಕೊಟ್ಟಿದ್ದಾರೆ. ಭಾನುವಾರದ ಸವಾರಿಯಲ್ಲಿ ನಾನು ಕೊನೆಯವಳಾಗಿಯೇ ಹೋಗಬೇಕು. ಮುಂದಿನವಳ ಹಿಂದಿನ ಚಕ್ರಕ್ಕೂ ನನ್ನ ಮುಂದಿನ ಚಕ್ರಕ್ಕೂ ನಡುವೆ ಒಂದು ಮೊಳ ಜಾಗ, ಅದಕ್ಕಿಂತ ಹೆಚ್ಚಾಗಬಾರದು. ಬ್ರೇಕ್ ಮುಟ್ಟಬಾರದು. ಯಾರನ್ನೂ ದಾಟಬಾರದು. ಚಕ್ರವನ್ನೇ ದಿಟ್ಟಿಸಬಾರದು, ಮುಂದಿನವಳ ಭುಜದಾಚೆ ರಸ್ತೆ ನೋಡಬೇಕು. ಕೇಳಲು ಎಷ್ಟು ಸುಲಭ! ಮೊದಲ ಭಾನುವಾರ ನಮ್ಮ ಕ್ಲಬ್ಬಿನ ಬೇಕರಿಯವಳ ಚೈನ್ ಕಳಚಿತು, ನಾನು ಇಳಿದುಬಿಟ್ಟೆ. ಎರಡನೆಯ ಭಾನುವಾರ ಮುಂದೆ ಯಾರೋ ಏದುಸಿರು ಬಿಡುತ್ತಿದ್ದರು, ನನಗೆ ತಡೆಯಲಾಗದೆ ಮುಂದೆ ಹೋಗಿ ಗಾಳಿಗೆ ಮರೆಯಾಗಿ ಎಲ್ಲರನ್ನೂ ಎಳೆದೆ. ಮೇಷ್ಟ್ರು ಸ್ಕೂಟರಿನ ಹಾರ್ನ್ ಒತ್ತಿ ಹಿಡಿದುಕೊಂಡರು, ನಾನು ಹಿಂದಕ್ಕೆ ಬರುವವರೆಗೂ ಬಿಡಲಿಲ್ಲ. ರಸ್ತೆಯಲ್ಲಿದ್ದವರೆಲ್ಲ ನಿಂತು ನೋಡಿದರು. ಮೈ ಪರಚಿಕೊಳ್ಳುವಂತಾಯಿತು.

ಸುಮ್ಮನೆ ಕೂರಲು ನನಗೆ ಯಾರೂ ಕಲಿಸಿಲ್ಲ. ಈ ಮನೆಯಲ್ಲಿ ನಾನು ಸುಮ್ಮನೆ ಕುಳಿತಿದ್ದರೆ ನಿನ್ನ ಎರಡು ಜಡೆ ಯಾರು ಹೆಣೆಯುತ್ತಿದ್ದರು?

ಅತ್ತಿಗೆ


ಮೇ ೩೦

ಅತ್ತಿಗೆ,

ಉತ್ತರ ತಡವಾಯಿತು. ಇಲ್ಲಿ ತರಬೇತಿ ಎಂದರೆ ನಾನು, ಸೈಕಲ್ಲು ಮತ್ತು ಕಾರ್ಖಾನೆ ಗೋಡೆಯ ಪಕ್ಕದ ಒಂದು ನೇರ ರಸ್ತೆ. ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ಪ್ರಾಣ ಹೋಗುವಂತೆ ತುಳಿಯುವುದು, ಅಲ್ಲಿಂದ ಮುಂದಿನ ಕಂಬದವರೆಗೆ ಮೆಲ್ಲಗೆ, ಮತ್ತೆ ಜೋರು. ಕಾಲಿಗೆ ಬಲ ಬಂದಿದೆ. ಆದರೆ ಯಾರ ಚಕ್ರವನ್ನು ಹಿಡಿದು ಅಭ್ಯಾಸ ಮಾಡಲಿ? ಯಾವಾಗ ಚಿಮ್ಮಬೇಕು ಎಂಬುದು ಒಬ್ಬಳೇ ತುಳಿದರೆ ಕಲಿಯಲು ಬರುವುದಿಲ್ಲ. ಮೂರು ಮಹಡಿ ಸೈಕಲ್ ಹೊತ್ತು ಹತ್ತುವಾಗ ಮನೆ ಒಡತಿ ಪ್ರತಿದಿನ ಕೇಳುತ್ತಾರೆ, ‘ಇಷ್ಟು ಕಷ್ಟಪಟ್ಟು ಎಲ್ಲಿಗೆ ಹೋಗ್ತೀಯಮ್ಮಾ?’ ಸಿಟ್ಟು ಬರುತ್ತದೆ.

ಹೋದ ವಾರ ಒಂದು ಮಗು ಬಂದಿತ್ತು, ಮೊಣಕೈಗೆ ಪೆಟ್ಟು. ತಾಯಿ ಹೊರಗೆ ಹೋಗಲು ಒಪ್ಪಲಿಲ್ಲ. ‘ನಾನಿಲ್ದೇ ಇದ್ರೆ ಹೆದರ್ಕೊಳ್ತಾನೆ’ ಎಂದು ಸೀಸದ ಏಪ್ರನ್ ಹಾಕಿಸಿಕೊಂಡು ಪಕ್ಕದಲ್ಲೇ ನಿಂತರು. ನಾನು ‘ಅಲ್ಲಾಡಬೇಡ’ ಎಂದಾಗಲೆಲ್ಲ ಮಗು ತಾಯಿಯ ಕಡೆ ತಿರುಗುತ್ತಿತ್ತು. ಚಿತ್ರ ಮತ್ತೆ ಮತ್ತೆ ಮಸುಕಾಯಿತು. ಕೊನೆಗೆ ಅವರನ್ನು ಬಾಗಿಲಾಚೆ ಕಳಿಸಿದೆ. ಮಗು ಒಮ್ಮೆ ಬಾಗಿಲು ನೋಡಿತು, ಆಮೇಲೆ ಕಲ್ಲಿನಂತೆ ಕುಳಿತಿತು. ಒಂದೇ ಸಲಕ್ಕೆ ಚಿತ್ರ ಸ್ಪಷ್ಟವಾಗಿ ಬಂತು.

ಇಲ್ಲಿ ಸೆಖೆ.

ಚೂಟಿ


ಜೂನ್ ೮

ಚೂಟಿ,

ಎಕ್ಸ್‌ರೇ ಕಥೆ ಅರ್ಥವಾಗದಷ್ಟು ದಡ್ಡಿ ನಾನಲ್ಲ. ಬಾಗಿಲಾಚೆ ನಿಂತ ಆ ತಾಯಿಗೆ ಏನಾಗುತ್ತಿತ್ತು ಎಂದು ಹೊರಗೆ ಬಂದು ನೋಡಿದೆಯಾ? ನೋಡಿರುವುದಿಲ್ಲ.

ಅತ್ತಿಗೆ


ಜುಲೈ ೨೭

ಚೂಟಿ,

ಇನ್ನು ನಿನಗೆ ಬರೆಯುವುದೇ ಇಲ್ಲ ಎಂದು ತೀರ್ಮಾನಿಸಿದ್ದೆ. ಆದರೆ ನಿನ್ನೆಯ ಕಥೆಯನ್ನು ನಿನ್ನ ಅಣ್ಣನಿಗೆ ಹೇಳಿದರೆ ‘ಹೋಗಲಿ ಬಿಡು’ ಅನ್ನುತ್ತಾರೆ. ಅವರಿಗೆ ಲೋಕದಲ್ಲಿ ಎಲ್ಲವೂ ಹೋಗಲಿ ಬಿಡು.

ನಿನ್ನೆ ಕ್ಲಬ್ಬುಗಳ ನಡುವೆ ಸಣ್ಣ ರೇಸಿತ್ತು. ನಾನು ಹಲ್ಲು ಕಚ್ಚಿಕೊಂಡು, ಹೇಳಿಕೊಟ್ಟ ಹಾಗೆಯೇ ಗುಂಪಿನ ನಡುವೆ ಕುಳಿತೆ. ಒಂದು ಸಲವೂ ಗಾಳಿಗೆ ಮುಖ ಕೊಡಲಿಲ್ಲ. ಏರಿನಲ್ಲಿ ಇಬ್ಬರು ಹೊರಟರು, ಕುಳಿತೆ. ಮತ್ತೊಬ್ಬಳು ಹೊರಟಳು, ಆಗಲೂ ಕುಳಿತೆ. ನನ್ನ ಬಗ್ಗೆ ನನಗೇ ಹೆಮ್ಮೆ. ಮುಗಿದ ಮೇಲೆ ಮೇಷ್ಟ್ರ ಹತ್ತಿರ ಹೋಗಿ ‘ಹೇಗೆ ಕೂತೆ?’ ಎಂದು ಕೇಳಿದೆ. ಅವರು ಹಣೆ ಚಚ್ಚಿಕೊಂಡರು. ‘ಮುಂದೆ ಹೋದವರಲ್ಲಿ ನಮ್ಮವರು ಯಾರಿದ್ರಮ್ಮಾ? ನಮ್ಮವಳು ಮುಂದೆ ಇದ್ದಾಗ ಕೂತ್ರೆ ಅದು ಲೆಕ್ಕಾಚಾರ. ಯಾರೂ ಇಲ್ದೇ ಇದ್ದಾಗ ಕೂತ್ರೆ ಅದು ನಿದ್ದೆ!’

ಸೈಕಲ್ಲನ್ನು ತಂದು ಮನೆಯ ಹೊಲಿಗೆ ಯಂತ್ರದ ಹಿಂದೆ ತಳ್ಳಿಬಿಟ್ಟೆ. ಓಡಿದರೂ ಬೈಗುಳ, ಕುಳಿತರೂ ಬೈಗುಳ. ಈ ಆಟದ ಸಹವಾಸವೇ ಸಾಕು.

ಬೈಸಿಕೊಂಡು ಬಂದು ಹೊಲಿಯಲು ಕುಳಿತಾಗ ನನಗೊಂದು ವಿಷಯ ಹೊಳೆಯಿತು, ಅದು ಹೊಳೆದ ಮೇಲೆ ಇನ್ನಷ್ಟು ಸಿಟ್ಟು ಬಂತು. ನಿನ್ನನ್ನು ಹಿಡಿಯುವ ಶಕ್ತಿ ಇದ್ದದ್ದು ನನಗೊಬ್ಬಳಿಗೇ ಎಂದು ನೀನೇ ಬರೆದಿದ್ದೀಯ. ಹಾಗಾದರೆ ನಾನು ಯಾಕೆ ಹೊರಡಬಾರದು? ಮೇಷ್ಟ್ರು ಕೇಳಲಿಲ್ಲ, ನಿನ್ನ ಅಣ್ಣ ಕೇಳಲಿಲ್ಲ, ನೀನೂ ಕೇಳಲಿಲ್ಲ. ಅತ್ತಿಗೆ ಎಂದರೆ ಎಳೆಯುವವಳು, ಇಲ್ಲವೇ ಕೂರುವವಳು. ಅವಳಿಗೂ ಗೆಲ್ಲುವ ಆಸೆ ಇರಬಹುದು ಎಂದು ನಿಮಗೆ ಯಾರಿಗಾದರೂ ಅನಿಸಿದೆಯಾ? ನಿನಗೆ ಜೊತೆಯಾಗಲೆಂದು ಸೈಕಲ್ ಹತ್ತಿದ್ದು ನಿಜ. ಆದರೆ ಈಗ ನನಗೆ ಇಷ್ಟವಾಗಿ ತುಳಿಯುತ್ತಿದ್ದೇನೆ. ಇದನ್ನು ಬರೆಯಲು ನನಗೇ ನಾಚಿಕೆಯಾಗುತ್ತಿದೆ, ಯಾಕೆ ಆಗಬೇಕೋ ಗೊತ್ತಿಲ್ಲ.

ಅತ್ತಿಗೆ


ಆಗಸ್ಟ್ ೨೪

ಅತ್ತಿಗೆ,

ನಿನ್ನ ಕಾಗದವನ್ನು ಕತ್ತಲೆ ಕೋಣೆಯ ಬಾಗಿಲಲ್ಲಿ ನಿಂತು ಓದಿದೆ. ಆಮೇಲೆ ಬಂದ ರೋಗಿಗೆ ‘ಉಸಿರು ಬಿಗಿಹಿಡಿಯಿರಿ’ ಎಂದು ಹೇಳಿ ‘ಬಿಡಿ’ ಎನ್ನುವುದನ್ನೇ ಮರೆತೆ. ಪಾಪ, ಅವರ ಮುಖ ಕೆಂಪಾಗಿತ್ತು.

ನೀನು ಹೇಳಿದ್ದು ನಿಜ. ನನಗೆ ಅನಿಸಿರಲಿಲ್ಲ. ಇಷ್ಟು ವರ್ಷ ನಿನ್ನ ಸಹಾಯದಿಂದ ತಪ್ಪಿಸಿಕೊಳ್ಳುವುದು ಹೇಗೆಂದೇ ಯೋಚಿಸಿದ್ದೇನೆಯೇ ಹೊರತು ನಿನಗೇನು ಬೇಕು ಎಂದು ಒಂದು ದಿನವೂ ಕೇಳಿಲ್ಲ.

ಅಕ್ಟೋಬರಿನ ರೇಸಿಗೆ ಬರುತ್ತೇನೆ. ಈ ವರ್ಷದ ಕೊನೆಯದು ಅದೇ, ಮೇಲಿನ ದರ್ಜೆಗೆ ಹೋಗಲು ನನಗೂ ಕೊನೆಯ ಅವಕಾಶ. ನನ್ನ ಯೋಚನೆ ಹೀಗಿದೆ. ಹಳದಿ ಸಾಕ್ಸಿನವಳ ಗೆಳತಿಯರೂ ಬೇರೆ ಕ್ಲಬ್ಬಿನವರೂ ನನ್ನ ಮೇಲೆಯೇ ಕಣ್ಣಿಟ್ಟಿರುತ್ತಾರೆ. ಮಾರ್ಚಿನಲ್ಲಿ ಹೊರಟವಳು ನಾನು, ಈ ಸಲವೂ ನಾನೇ ಹೊರಡುತ್ತೇನೆ ಎಂದುಕೊಂಡಿರುತ್ತಾರೆ. ನಿನ್ನನ್ನು ಯಾರೂ ಲೆಕ್ಕಕ್ಕೇ ಇಟ್ಟಿಲ್ಲ. ನೀನು ಅವರಿಗೆ ರೈಲು ಇಂಜಿನ್ನು, ಅಷ್ಟೇ. ಸೇತುವೆ ದಾಟಿದ ಮೇಲೆ ನೀನು ಹೊರಡು. ನಾನು ಕೂರುತ್ತೇನೆ.

ಒಂದೇ ಮಾತು. ಹೊರಟ ಮೇಲೆ ಹಿಂದೆ ತಿರುಗಿ ನೋಡಬೇಡ.

ಚೂಟಿ


ಸೆಪ್ಟೆಂಬರ್ ೪

ಚೂಟಿ,

ಆಗುವುದಿಲ್ಲ. ನಿನ್ನ ಅವಕಾಶ ಕಿತ್ತುಕೊಂಡು ನಾನು ಹೋಗಲಾ? ನನ್ನ ಕೈಲಿ ಆಗುವುದಿಲ್ಲ.

ಅತ್ತಿಗೆ


ಸೆಪ್ಟೆಂಬರ್ ೧೫

ಅತ್ತಿಗೆ,

ಆಗುತ್ತದೆ.

ಚೂಟಿ


ಅಕ್ಟೋಬರ್ ೧೬

ಅತ್ತಿಗೆ,

ಮೊನ್ನೆ ರೇಸಿನ ಕೊನೆಯ ಗೆರೆ ದಾಟಿದ ಮೇಲೆ ನೀನು ಸೈಕಲ್ಲನ್ನು ಹುಲ್ಲಿನ ಮೇಲೆ ಎಸೆದು ನನ್ನ ತೋಳು ಹಿಡಿದು ಕೇಳಿದೆ, ‘ಯಾಕೆ ಬರ್ಲಿಲ್ಲ ನೀನು?’ ಎಲ್ಲರೂ ನಿನಗೆ ಶಹಭಾಸ್ ಹೇಳುತ್ತಿದ್ದರು, ನೀನು ನನ್ನನ್ನು ಅಲ್ಲಾಡಿಸುತ್ತಿದ್ದೆ. ರೈಲಿಗೆ ಹೊತ್ತಾಗಿತ್ತು, ಓಡಿಬಿಟ್ಟೆ. ಈಗ ಹೇಳುತ್ತೇನೆ, ಯಾಕೆಂದರೆ ನಿನ್ನ ಬೆನ್ನ ಹಿಂದೆ ಗುಂಪಿನಲ್ಲಿ ನಡೆದದ್ದು ನಿನಗೆ ಗೊತ್ತಿಲ್ಲ.

ಸೇತುವೆ ದಾಟಿದ ಕೂಡಲೇ ನೀನು ಹೊರಟೆ. ನಾನು ಅಂದುಕೊಂಡಂತೆಯೇ ಒಬ್ಬರೂ ಕದಲಲಿಲ್ಲ. ‘ಇಂಜಿನ್ನು ತಾನೇ, ಈಗ ಸುಸ್ತಾಗಿ ಬರ್ತಾಳೆ’ ಎಂದು ಯಾರೋ ನಕ್ಕರು. ನೀನು ಸುಸ್ತಾಗಿ ಬರಲಿಲ್ಲ. ಆಗ ಎಲ್ಲರಿಗೂ ಗಾಬರಿಯಾಯಿತು. ಬೇಕರಿಯವಳ ಹಳೆಯ ಕ್ಲಬ್ಬಿನ ಇಬ್ಬರು ಮುಂದೆ ಹೋಗಿ ಎಳೆಯತೊಡಗಿದರು. ನಾನು ಅವರ ಹಿಂದೆಯೇ ಅಂಟಿಕೊಂಡೆ. ಎಳೆದು ದಣಿದವರು ಪಕ್ಕಕ್ಕೆ ಸರಿದು ‘ಈಗ ನಿನ್ನ ಸರದಿ’ ಎಂದು ಮೊಣಕೈ ಆಡಿಸಿದರೆ, ನಾನು ಮುಂದೆ ಬಂದು ಪೆಡಲ್ ನಿಧಾನ ಮಾಡಿಬಿಡುತ್ತಿದ್ದೆ. ಬೈದರು. ನಮ್ಮಿಬ್ಬರ ವಂಶವನ್ನೂ ಬೈದರು. ಅಣ್ಣ ರಸ್ತೆ ಬದಿಯಲ್ಲಿ ಬಾಟಲಿ ಹಿಡಿದು ನಿಂತಿದ್ದ. ಹೆಂಡತಿಗೆ ಕೂಗಬೇಕೋ ತಂಗಿಗೆ ಕೂಗಬೇಕೋ ತಿಳಿಯದೆ ‘ನೀರು, ನೀರು’ ಎಂದು ಕೂಗಿದ.

ಆಗ ಹಳದಿ ಸಾಕ್ಸಿನವಳು ನನ್ನ ಪಕ್ಕಕ್ಕೆ ಬಂದಳು. ಅವಳೂ ಸ್ವಂತ ಕಾಲು ಸವೆಸುವವಳಲ್ಲ, ನಿನಗೆ ಗೊತ್ತಲ್ಲ. ಎಷ್ಟು ಮೆತ್ತಗೆ ಹೇಳಿದಳು ಅಂತೀಯ, ‘ನಿಮ್ಮತ್ತಿಗೆ ಒಬ್ರೇ ಹೋಗ್ತಿದಾರೆ ಪಾಪ, ಗಾಳಿ ಬೇರೆ. ಹೋಗಿ ಸೇರ್ಕೋಬಾರ್ದಾ?’

ನಾನು ತಲೆಯೆತ್ತಿ ನೋಡಿದೆ. ಆ ಉದ್ದನೆಯ ರಸ್ತೆಯಲ್ಲಿ ನೀನೊಬ್ಬಳೇ ಇದ್ದೆ. ಗಾಳಿಗೆ ನಿನ್ನ ಅಂಗಿ ಬೆನ್ನ ಮೇಲೆ ಪಟಪಟ ಬಡಿಯುತ್ತಿತ್ತು, ಎಡಭುಜ ಒಂದು ಕಡೆ ವಾಲುತ್ತಿತ್ತು. ಹೊಲಿಗೆ ಯಂತ್ರದ ಮುಂದೆ ಸಂಜೆ ನಿನಗೆ ನೋಯುವ ಭುಜ ಅದು. ಅತ್ತಿಗೆ, ನನ್ನ ಕಾಲುಗಳು ನನ್ನ ಮಾತು ಕೇಳಲಿಲ್ಲ. ತಾವಾಗಿಯೇ ಎದ್ದು ತುಳಿಯಲು ಹೊರಟವು. ನಾನು ಬಲವಂತವಾಗಿ ಸೀಟಿನ ಮೇಲೆ ಕುಳಿತೆ. ಆರು ತಿಂಗಳು ಕಂಬದಿಂದ ಕಂಬಕ್ಕೆ ಸತ್ತು ಬದುಕಿ ಗಳಿಸಿದ ಬಲವನ್ನೆಲ್ಲ ಸುಮ್ಮನೆ ಕೂರಲು ಖರ್ಚು ಮಾಡಿದೆ. ಕಣ್ಣಲ್ಲಿ ನೀರು ಬಂತು, ಗಾಳಿಗೆ ಎಂದುಕೊಂಡಿರಬೇಕು ಅವಳು. ಮಾರ್ಚಿನಲ್ಲಿ ನಿನಗೆ ಏನಾಗಿತ್ತು ಎಂದು ನನಗೆ ಆಗ ಗೊತ್ತಾಯಿತು. ನಿನಗೆ ಬರೆದದ್ದೆಲ್ಲ ಸರಿಯೇ ಇತ್ತು, ಆದರೂ ಅಷ್ಟು ಕೆಟ್ಟದಾಗಿ ಬರೆಯಬಾರದಿತ್ತು.

ಇಷ್ಟಾದ ಮೇಲೆ ನೀನು ಏನು ಮಾಡಿದೆ? ತಿರುಗಿ ನೋಡಿದೆ! ಬೇಡ ಎಂದು ಬರೆದಿದ್ದೆ. ಒಂದು ಸಲವಲ್ಲ, ಮತ್ತೆ ಮತ್ತೆ ನೋಡಿದೆ. ಕೊನೆಗೆ ಪೆಡಲ್ ನಿಲ್ಲಿಸಿಯೇಬಿಟ್ಟೆ. ನನಗಾಗಿ ಕಾಯುತ್ತಿದ್ದೀಯ ಎಂದು ಗೊತ್ತಾಗಿ ತಲೆ ಕೆಟ್ಟುಹೋಯಿತು. ‘ಹೋಗೇ ಅತ್ತಿಗೆ, ಹೋಗೇ!’ ಎಂದು ಗಂಟಲು ಹರಿದುಹೋಗುವಂತೆ ಕಿರುಚಿದೆ. ‘ಹೋಗು’ ಎಂದು ಮನಸ್ಸಿನಲ್ಲಿ ನಿನಗೆ ಎಷ್ಟೋ ಸಲ ಹೇಳಿದ್ದೇನೆ. ಬಾಯಿಬಿಟ್ಟು, ಅದೂ ಈ ಥರ ಹೇಳಿದ್ದು ಇದೇ ಮೊದಲು.

ನೀನು ಹೋದೆ. ಆದರೆ ಕಾದ ಆ ಹೊತ್ತಿನಲ್ಲಿ ಹಳದಿ ಸಾಕ್ಸಿನವಳೂ ಇನ್ನೊಬ್ಬಳೂ ಹತ್ತಿರ ಬಂದುಬಿಟ್ಟಿದ್ದರು. ಮೊದಲನೆಯವಳಾಗಬೇಕಿದ್ದ ನೀನು ಮೂರನೆಯವಳಾದೆ. ಒಬ್ಬಳೇ ಗೆಲ್ಲಬೇಕಾದ ರೇಸನ್ನು ಹಂಚಿ ಬರುವವಳು ನೀನೊಬ್ಬಳೇ. ಆದರೂ ಮೂರನೆಯ ಸ್ಥಾನ ಸಾಕು. ನೀನು ಮೇಲಿನ ದರ್ಜೆ. ನಾನು ಇನ್ನೊಂದು ವರ್ಷ ಇಲ್ಲೇ.

ರೈಲಿನಲ್ಲಿ ಅತ್ತುಬಿಟ್ಟೆ. ನಾನು ಸುಳ್ಳು ಹೇಳುವುದಿಲ್ಲ, ಹೊಟ್ಟೆ ಉರಿಯಿತು. ನಾನೇ ಕಳಿಸಿದವಳು, ನನಗೇ ಹೊಟ್ಟೆ ಉರಿ. ಇನ್ನು ಭಾನುವಾರ ಊರಿಗೆ ಬಂದರೂ ನೀನು ಆ ಗುಂಪಿನಲ್ಲಿ, ನಾನು ಈ ಗುಂಪಿನಲ್ಲಿ. ನಿನ್ನಿಂದ ದೂರ ಹೋಗಬೇಕೆಂದು ವರ್ಗಾವಣೆ ಕೇಳಿದವಳು ನಾನೇ, ಆದರೂ ನಾನಿದ್ದಲ್ಲಿಂದ ನೀನು ಹೊರಟುಹೋಗಿದ್ದು ನನಗೆ ಸಹಿಸಲು ಆಗುತ್ತಿಲ್ಲ. ಇದಕ್ಕೇನು ಮಾಡಲಿ ಹೇಳು.

ಯಾಕೆ ಬರಲಿಲ್ಲ ಎಂದು ಕೇಳಿದೆಯಲ್ಲ. ಬಂದಿದ್ದರೆ ಎಲ್ಲರನ್ನೂ ಕರೆದುಕೊಂಡು ಬರುತ್ತಿದ್ದೆ. ಅದಕ್ಕೇ ಬರಲಿಲ್ಲ.

ಚೂಟಿ


ಅಕ್ಟೋಬರ್ ೨೯

ಪ್ರೀತಿಯ ಚೂಟಿ,

ಮೇಲಿನ ದರ್ಜೆಯವರ ಜೊತೆ ಮೊದಲ ಭಾನುವಾರ ಹೋಗಿ ಬಂದೆ. ದೇವರೇ, ಅವರು ಮನುಷ್ಯರಲ್ಲ. ಏರಿನಲ್ಲಿ ಮಾತಾಡಿಕೊಂಡು ಹೋಗುತ್ತಾರೆ. ಅರ್ಧ ದಾರಿಯಲ್ಲೇ ನನ್ನನ್ನು ಬಿಟ್ಟು ಹೋದರು. ಒಬ್ಬಳಾದರೂ ತಿರುಗಿ ನೋಡಬೇಕಲ್ಲ? ನೋಡಲಿಲ್ಲ. ಬೈದುಕೊಂಡು ಬೈದುಕೊಂಡು ಒಬ್ಬಳೇ ಮನೆ ಸೇರಿದೆ. ಮುಂದಿನ ಭಾನುವಾರವೂ ಹೋಗುತ್ತೇನೆ. ಹೊಲಿಗೆ ಯಂತ್ರದ ಹಿಂದೆ ಈಗ ಬರೀ ಬಟ್ಟೆ ಚೂರು ಇದೆ, ಸೈಕಲ್ ಬಾಗಿಲ ಹತ್ತಿರ.

ನಿನ್ನ ಕಾಗದವನ್ನು ನಿನ್ನ ಅಣ್ಣ ಓದಲು ಕೇಳಿದರು. ಕೊಡಲಿಲ್ಲ. ‘ಹೋಗಲಿ ಬಿಡು’ ಎಂದರು.

ಇದಕ್ಕೇನು ಮಾಡಲಿ ಎಂದು ಕೇಳಿದ್ದೀಯ. ಮೊದಲಾಗಿದ್ದರೆ ಮುಂದಿನ ರೈಲು ಹತ್ತಿ ಬಂದುಬಿಡುತ್ತಿದ್ದೆ. ನಿಜ ಹೇಳುತ್ತೇನೆ, ಸ್ಟೇಷನ್ನಿನವರೆಗೆ ಹೋಗಿದ್ದೆ. ಕೈಯಲ್ಲಿ ನಿನ್ನ ಗ್ಲೌಸ್ ಇತ್ತು. ಅವತ್ತು ಅವಸರದಲ್ಲಿ ಹುಲ್ಲಿನ ಮೇಲೆಯೇ ಬಿಟ್ಟು ಹೋಗಿದ್ದೆಯಲ್ಲ, ಅದೇ. ಬಲಗೈಯದ್ದು ಹೆಬ್ಬೆರಳಿನ ಹತ್ತಿರ ಹರಿದಿದೆ. ಟಿಕೆಟ್ ಸಾಲಿನಲ್ಲಿ ನಿಂತು, ನನ್ನ ಸರದಿ ಬಂದಾಗ ಪಕ್ಕಕ್ಕೆ ಸರಿದುಬಿಟ್ಟೆ. ಹಿಂದಿದ್ದವರು ನನ್ನನ್ನು ವಿಚಿತ್ರವಾಗಿ ನೋಡಿದರು.

ನೀನು ಮುಂದಿನ ವರ್ಷ ಮೇಲೆ ಬರುತ್ತೀಯ. ನಿನ್ನ ಕಾಲಿನಲ್ಲಿ ಬರುತ್ತೀಯ. ಅಲ್ಲಿಯವರೆಗೆ ನಾನು ಮುಂದೆ ಇರುತ್ತೇನೆ, ಕಾಯುವುದಿಲ್ಲ. ಇದನ್ನು ಬರೆಯುವಾಗ ನನಗೆ ಎಷ್ಟು ಕಷ್ಟವಾಗುತ್ತಿದೆ ಎಂದು ನಿನಗೆ ಈಗ ಗೊತ್ತಿರಬೇಕು.

ಗ್ಲೌಸನ್ನು ಅಂಚೆಯಲ್ಲಿ ಕಳಿಸಿಬಿಡು ಎಂದು ನಿನ್ನ ಅಣ್ಣ ಹೇಳುತ್ತಿದ್ದಾರೆ. ಹರಿದ ಕಡೆ ಹೊಲಿದೂ ಇಲ್ಲ, ಕಳಿಸುವುದೂ ಇಲ್ಲ. ನೀನು ಬಿಟ್ಟು ಹೋದ ಹಾಗೆಯೇ ಗೂಟಕ್ಕೆ ಹಾಕಿಟ್ಟಿದ್ದೇನೆ. ಬೇಕಿದ್ದರೆ ಕೇಳು.

ನಿನ್ನ ಅತ್ತಿಗೆ